ಉಪ್ಪಿನ ಶಾಖ

ಹಾಲಿನ ಕ್ಯಾನನ್ನು ಜಗಲಿಯ ಮೇಲೆ ಕುಕ್ಕಿ ವಿಶಾಲಾಕ್ಷಮ್ಮ ಒಳಗೆ ನುಗ್ಗಿದಳು. ಗಂಡ ರೇವಣ್ಣನ ಪಾದದ ಮೇಲೆ ಹುರಿದ ಉಪ್ಪಿನ ಗಂಟು ಕೂತಿತ್ತು. ಅದನ್ನು ಸೆರಗಿನಲ್ಲಿ ಹಿಡಿದು ಒತ್ತುತ್ತಿದ್ದವರು ರೇವಣ್ಣನ ಅಕ್ಕ ಸುಮಿತ್ರಮ್ಮ, ತಮ್ಮನನ್ನು ನೋಡಲೆಂದು ಕೊಡ್ಲಿಪೇಟೆಯಿಂದ ಬಂದವರು. ತಮ್ಮನ ಕಾಲು ಕಲ್ಲಿನಂತೆ ತಣ್ಣಗಾಗಿದೆ, ಈ ಮನೆಯಲ್ಲಿ ನೋಡುವವರೇ ಇಲ್ಲವೇ ಎಂದು ಗೊಣಗುತ್ತಿದ್ದರು.

ನೋಡುವವರೇ ಇಲ್ಲವಂತೆ! ಬೀಡಿ ಸೇದಿ ಸೇದಿ ಕಾಲಿನ ರಕ್ತನಾಳ ಕಟ್ಟಿಸಿಕೊಂಡವನನ್ನು ಮೈಸೂರಿನ ಆಸ್ಪತ್ರೆಗೆ ಎಳೆದುಕೊಂಡು ಹೋದವಳು ಯಾರು? ಡಾಕ್ಟರು ಬಿಡಿಸಿ ಹೇಳಿದ್ದರು: ಪಾದಕ್ಕೆ ರಕ್ತ ಇಳಿಯುತ್ತಿಲ್ಲ, ತೊಡೆಯ ನಾಳ ತೆಗೆದು, ರಕ್ತ ಕಟ್ಟಿಕೊಂಡ ಜಾಗ ದಾಟಿಸಿ ಜೋಡಿಸುತ್ತೇವೆ, ಅಲ್ಲಿಯವರೆಗೆ ಶಾಖ ಮಾತ್ರ ಕೊಡಬೇಡಿ, ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ಇದನ್ನೆಲ್ಲ ಅವಳು ಸುಮಿತ್ರಮ್ಮನಿಗೆ ಫೋನಿನಲ್ಲಿ ಹೇಳಿದ್ದಳು. ಆದರೆ ಗಂಡನ ಮನೆಯಲ್ಲಿ ಅಕ್ಕನಿಗೆ ಎದುರಾಡಿದವರೇ ಇಲ್ಲ, ಡಾಕ್ಟರು ಯಾವ ಲೆಕ್ಕ?

ಗಂಟು ಕಿತ್ತು ನೋಡಿದರೆ ಪಾದದ ಮೇಲೆ ಬೊಬ್ಬೆ ಎದ್ದಿತ್ತು.

"ಏನೂ ಆಗಿಲ್ಲ ಕಣೇ, ಹಾಯಾಗಿದೆ" ಎಂದ ರೇವಣ್ಣ.

ವಿಶಾಲಾಕ್ಷಮ್ಮನ ಮೈಯೆಲ್ಲ ಉರಿದುಹೋಯಿತು. ಗಂಟನ್ನು ಅಂಗಳಕ್ಕೆ ಎಸೆದಳು. ನನ್ನ ಕೈಯಿಂದ ಕಿತ್ತುಕೊಳ್ಳುವಷ್ಟಾದೆಯಾ ಎಂದು ಸುಮಿತ್ರಮ್ಮ ಮುಖ ಊದಿಸಿಕೊಂಡು ಬಸ್ ಹತ್ತಿದರು.

ಮರುದಿನ ಮೈಸೂರಿನಲ್ಲಿ ಡಾಕ್ಟರು ಸುಟ್ಟ ಗಾಯ ನೋಡಿ ಸಿಡಿದರು. ಇದು ಕೊಳೆತರೆ ಮಂಡಿಯವರೆಗೆ ತೆಗೆಯಬೇಕಾದೀತು, ಇಂಥ ಕೆಲಸ ಮಾಡಿದವರು ಯಾರು ಎಂದು ಕೇಳಿದರು. ಅಕ್ಕನ ಹೆಸರು ಹೇಳಲಾರದೆ ರೇವಣ್ಣ ಗೋಡೆ ನೋಡಿದ. ಬೈಗುಳವನ್ನೆಲ್ಲ ವಿಶಾಲಾಕ್ಷಮ್ಮನೇ ನುಂಗಿಕೊಂಡಳು. ಅವತ್ತೇ ಆಪರೇಷನ್ ಆಯಿತು. ಸಂಜೆ ಅವಳು ಹೆದರುತ್ತಲೇ ಪಾದ ಮುಟ್ಟಿದಳು. ಬೆಚ್ಚಗಿತ್ತು.

ಆದರೆ ಮರುದಿನದಿಂದ ರೇವಣ್ಣ ಸುಟ್ಟ ಗಾಯದ ಉರಿ ತಾಳಲಾರದೆ ಅರಚತೊಡಗಿದ. ರಕ್ತ ಓಡುತ್ತಿದೆ, ಅದಕ್ಕೇ ನೋವು ಗೊತ್ತಾಗುತ್ತಿದೆ, ಕಾಲು ಉಳಿಯಿತು ಎಂದು ಡಾಕ್ಟರು ಸಮಾಧಾನದಿಂದ ಹೇಳಿಹೋದರು.

ನರ್ಸ್ ಡ್ರೆಸಿಂಗ್ ಬಿಚ್ಚುತ್ತಿದ್ದಾಗ ಸುಮಿತ್ರಮ್ಮನ ಫೋನ್ ಬಂತು. ತಮ್ಮನ ಕೂಗು ಕಿವಿಗೆ ಬಿದ್ದದ್ದೇ ತಡ, ಶುರು ಹಚ್ಚಿಕೊಂಡರು.

"ಕೊಯ್ಸಿ ಕೊಯ್ಸಿ ಕಾಲು ಹಾಳ್ಮಾಡ್ಬಿಟ್ಟೆ ನೀನು. ನಾನು ಅಷ್ಟೊತ್ತು ಶಾಖ ಕೊಟ್ಟೆ, ಒಂದ್ಸಲನಾದ್ರೂ ಅಯ್ಯೋ ಅಂದ್ನಾ?"

ಇಷ್ಟು ವರ್ಷ ಅಕ್ಕಾ ಅಕ್ಕಾ ಎಂದು ತಗ್ಗಿದ ವಿಶಾಲಾಕ್ಷಮ್ಮನ ದನಿ ಈ ಸಲ ತಗ್ಗಲಿಲ್ಲ.

"ಅವತ್ತು ಸತ್ತ ಕಾಲು ಸುಟ್ರಿ ಅಕ್ಕಾ, ಅದಕ್ಕೇ ಅನ್ಲಿಲ್ಲ. ಇವತ್ತು ಜೀವ ಬಂದಿದೆ. ನೀವು ಸುಟ್ಟಿದ್ದು ಎಷ್ಟು ಉರಿಯುತ್ತೆ ಅಂತ ಕೇಳಿಸ್ಕೊಳ್ಳಿ."

ಅಷ್ಟು ಹೇಳಿ ಫೋನನ್ನು ಗಂಡನ ಬಾಯಿಯ ಹತ್ತಿರ ಹಿಡಿದಳು. ಆ ಕಡೆಯಿಂದ ಲೈನು ಕಟ್ ಆಗುವವರೆಗೂ ಕೈ ತೆಗೆಯಲಿಲ್ಲ.