ಬೊಬ್ಬೆಗೆ ಪೋಣಿಸಿದ ದಾರ

ಹೊಸ ಬೂಟು ಕಚ್ಚದ ಕಾಲು ಯಾರದಿದೆ ಹೇಳಿ? ನಮ್ಮ ಬೀದಿಯ ಟೈಲರಕ್ಕನ ಗಂಡನಿಗೂ ಕಚ್ಚಿತು. ಆತ ಗೋದಾಮಿನ ಗೇಟಿನಲ್ಲಿ ಕಾವಲುಗಾರ. ವರ್ಷಕ್ಕೊಮ್ಮೆ ಕೊಡುವ ಬೂಟು ಈ ಸಲ ಒಂದು ಅಳತೆ ಚಿಕ್ಕದಿತ್ತು. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಬಿಡು" ಎಂದು ಮೊದಲ ದಿನವೇ ಹನ್ನೆರಡು ಗಂಟೆ ಅದರಲ್ಲೇ ನಿಂತು ಬಂದ. ಬೂಟು ಸಡಿಲವಾಗಲಿಲ್ಲ. ಬಲಗಾಲಿನ ಹಿಮ್ಮಡಿಯಲ್ಲಿ ಕೋಟಿನ ಗುಂಡಿಯಷ್ಟು ದೊಡ್ಡ ಬೊಬ್ಬೆ ಎದ್ದಿತ್ತು, ಒಳಗೆ ನೀರು.

ಟೈಲರಕ್ಕನಿಗೆ ಸೂಜಿ ಕೈಯಲ್ಲಿದ್ದರೆ ಲೋಕವನ್ನೇ ಹೊಲಿದುಬಿಡುವ ಧೈರ್ಯ. ಹೊಲಿಗೆ ಕಲಿಸಿದ ಗುರು ಇನ್ನೊಂದು ವಿದ್ಯೆಯನ್ನೂ ಕಲಿಸಿದ್ದ: ಬೊಬ್ಬೆಗೆ ದಾರ ಪೋಣಿಸಿ ಬಿಟ್ಟರೆ ನೀರು ತಾನಾಗಿ ಇಳಿದುಹೋಗುತ್ತದಂತೆ. ಹೊಲಿಗೆ ಯಂತ್ರದ ಪೆಡಲ್ ತುಳಿದು ಬೊಬ್ಬೆ ಎದ್ದಾಗ ಆ ಗುರುವಿನ ಅಂಗಡಿಯವರೆಲ್ಲ ಹಾಗೇ ಮಾಡುತ್ತಿದ್ದರು. ಇವಳೂ ಅರ್ಧ ಹೊಲಿದ ಅಂಗಿಯಿಂದ ಸೂಜಿ ಕಿತ್ತಳು. ಕೆಂಪು ದಾರವನ್ನು ಬೊಬ್ಬೆಯ ಆಚೆಯಿಂದ ಈಚೆಗೆ ಎಳೆದು, ಎರಡೂ ತುದಿಗೆ ಗಂಟು ಹಾಕಿ ಬಿಟ್ಟಳು.

"ನೋವಾಯ್ತೇನ್ರೀ?"

"ಚೂರೂ ಇಲ್ಲ ಕಣೆ. ನಿನ್ನ ಕೈ ಎಷ್ಟು ಹಗುರ!"

ಅವಳು ಹಿಗ್ಗಿದ್ದೇ ಹಿಗ್ಗಿದ್ದು.

ನಾಲ್ಕನೆಯ ದಿನ ಬೆಳಿಗ್ಗೆ ಆರೋಗ್ಯ ಕೇಂದ್ರದ ನರ್ಸಮ್ಮ ಹೊಲಿಯಲು ಕೊಟ್ಟಿದ್ದ ಬಟ್ಟೆ ಕೇಳಿಕೊಂಡು ಬಂದರು. ಗಂಡ ಕೆಲಸಕ್ಕೆ ಹೊರಟು, ಎರಡು ದಿನದಿಂದ ಕಳಚದ ಕಾಲುಚೀಲದಲ್ಲೇ ಬೂಟಿಗೆ ಕೈ ಹಾಕಿದ್ದ. ನರ್ಸಮ್ಮ ಬಾಗಿಲಲ್ಲೇ ನಿಂತರು.

"ಅಕ್ಕ, ಏನೋ ಕೊಳೆತ ವಾಸನೆ."

"ಹೊಸ ಬೂಟಿಂದು ನರ್ಸಮ್ಮ."

"ಇದು ಬೂಟಿನ ವಾಸನೆ ಅಲ್ಲ. ಭಾವ, ಆ ಕಾಲುಚೀಲ ತೆಗೀರಿ ನೋಡೋಣ."

ತೆಗೆಯಲು ಹೋದರೆ ಅದು ಹಿಮ್ಮಡಿಗೆ ಅಂಟಿಕೊಂಡಿತ್ತು. ನೀರು ಹಾಕಿ ನೆನೆಸಿ ಬಿಡಿಸಿದಾಗ ಟೈಲರಕ್ಕ ಬಗ್ಗಿ ನೋಡಿದಳು. ಹಿಮ್ಮಡಿ ಊದಿ ಕೆಂಪಗಾಗಿದೆ. ದಾರ ಹಾಕಿದ ಎರಡೂ ತೂತಿನಿಂದ ಕೀವು ಸೋರುತ್ತಿದೆ. ಅಲ್ಲಿಂದ ಕೆಂಪು ಗೆರೆಯೊಂದು ಮೀನಖಂಡದತ್ತ ಹತ್ತಿದೆ.

"ಅಯ್ಯಯ್ಯೋ! ಇಷ್ಟಾದ್ರೂ ಬಾಯಿ ಬಿಡಲಿಲ್ವಲ್ರೀ!"

"ನೋವೇ ಇಲ್ವಲ್ಲೇ!" ಆತನೂ ಬೇರೆ ಯಾರದೋ ಕಾಲು ನೋಡುವಂತೆ ನೋಡುತ್ತಿದ್ದ.

"ಭಾವಂಗೆ ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ?" ನರ್ಸಮ್ಮ ಕೇಳಿದರು.

"ಎಂಟು," ಎಂದಳು ಟೈಲರಕ್ಕ.

"ಸರಿ ಭಾವ, ಕಣ್ಣು ಮುಚ್ಕೊಳ್ಳಿ. ಕಾಲ್ಬೆರಳು ಮುಟ್ತೀನಿ. ಮುಟ್ಟಿದ ತಕ್ಷಣ ಹೇಳಿ."

ಆತ ಕಣ್ಣು ಮುಚ್ಚಿದ. ನರ್ಸಮ್ಮ ಹೆಬ್ಬೆರಳಿನ ತುದಿಯನ್ನು ಮೆಲ್ಲಗೆ ಮುಟ್ಟಿದರು. ಆತ ಸುಮ್ಮನಿದ್ದ. ಕಿರುಬೆರಳು ಮುಟ್ಟಿದರು. ಸುಮ್ಮನಿದ್ದ. ಇನ್ನೊಂದು ಕಾಲಿನ ಹೆಬ್ಬೆರಳನ್ನೂ ಮುಟ್ಟಿದರು.

"ಬೇಗ ಮುಟ್ಟಮ್ಮ," ಎಂದ ಆತ, "ಡ್ಯೂಟಿಗೆ ಹೊತ್ತಾಯ್ತು."

ನರ್ಸಮ್ಮ ಟೈಲರಕ್ಕನತ್ತ ತಿರುಗಿದರು.

"ನೋಡಿದ್ರಾ ಅಕ್ಕ? ಪಾದಕ್ಕೆ ಅರಿವೇ ಹೋಗಿದೆ. ಸೂಜಿ ಚುಚ್ಚಿದ್ರೂ ಗೊತ್ತಾಗಲ್ಲ, ಕೀವಾದ್ರೂ ಗೊತ್ತಾಗಲ್ಲ."

"ಆದ್ರೆ ನಮ್ಮ ಗುರುಗಳ ಅಂಗಡೀಲಿ ಎಲ್ರೂ ದಾರ ಹಾಕಿದೋರೇ. ಯಾರಿಗೂ ಏನೂ ಆಗಿಲ್ಲ. ದಾರ ಎಳೆದು ಮುಲಾಮು ಹಚ್ಚಿದ್ರೆ ಸಾಲದಾ?"

"ಅವರ ಅದೃಷ್ಟ ಗಟ್ಟಿ ಇತ್ತು, ಅಷ್ಟೇ. ಬೊಬ್ಬೆ ಮೇಲಿನ ಚರ್ಮ ಅನ್ನೋದು ಮುಚ್ಚಿದ ಬಾಗಿಲು. ನೀವು ಬಾಗಿಲು ತೂತು ಮಾಡಿ, ರೋಗಾಣು ಹತ್ತಿ ಬರಲಿ ಅಂತ ಹಗ್ಗಾನೂ ಕಟ್ಟಿಕೊಟ್ರಿ. ತಡ ಮಾಡಿದ್ರೆ ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೋಬೇಕಾಗುತ್ತೆ. ಈಗಲೇ ಹೊರಡಿ!"

ಮನೆ ಮುಂದಿನ ಅಂಗಡಿಗೆ ಬೀಗವನ್ನೂ ಹಾಕದೆ ಮೂವರೂ ಹೊರಟರು.

ಆಸ್ಪತ್ರೆಯಲ್ಲಿ ದಾರ ತೆಗೆದು, ಕೀವು ತೊಳೆದು, ಸೂಜಿಮದ್ದು ಕೊಟ್ಟು, ಮಂಚದ ಮೇಲೆ ಮಲಗಿಸಿದರು. ಡಾಕ್ಟರು ಹೊರಗೆ ಬಂದು ಹೇಳಿದ್ದು ಒಂದೇ ಮಾತು: "ಇನ್ನೆರಡು ದಿನ ತಡ ಮಾಡಿದ್ರೆ ಪಾದ ಉಳಿಸೋದು ಕಷ್ಟ ಆಗ್ತಿತ್ತು." ಪರರು ಮಾಡಿದ್ದಾದರೆ ಟೈಲರಕ್ಕ ಬೈದು ಹಗುರಾಗಬಹುದಿತ್ತು. ಇದು ತನ್ನ ಕೈಯಾರೆ ಮಾಡಿದ್ದು. ಗಳಗಳನೆ ಅತ್ತಳು. ಕಾಲಿಲ್ಲದ ಕಾವಲುಗಾರನನ್ನು ಯಾವ ಗೇಟು ಇಟ್ಟುಕೊಂಡೀತು?

"ಹಾಗಾದ್ರೆ ಬೊಬ್ಬೆ ಎದ್ದಾಗ ಏನ್ಮಾಡ್ಬೇಕಿತ್ತು ನರ್ಸಮ್ಮ?" ಎಂದು ಕಣ್ಣೊರೆಸಿಕೊಂಡಳು.

"ಒಡೀಬಾರದು, ಅಷ್ಟೇ. ಸೋಪು ನೀರಲ್ಲಿ ತೊಳೆದು, ಒರೆಸಿ, ಶುದ್ಧ ಪಟ್ಟಿ ಸಡಿಲವಾಗಿ ಕಟ್ಟಿ. ಕಚ್ಚಿದ ಬೂಟು ಮತ್ತೆ ಹಾಕಬೇಡಿ. ತಾನಾಗಿ ಒಡೆದ್ರೂ ಆ ಚರ್ಮ ಕೀಳಬೇಡಿ, ಅದೇ ಹೊದಿಕೆ. ಕೆಂಪು ಹರಡಿದ್ರೆ, ಕೀವು ಬಂದ್ರೆ, ಜ್ವರ ಬಂದ್ರೆ ತಡ ಮಾಡದೆ ಆಸ್ಪತ್ರೆ. ಸಕ್ಕರೆ ಕಾಯಿಲೆ ಇದ್ದೋರಂತೂ ಬೊಬ್ಬೆ ಕಂಡ ದಿನವೇ ತೋರಿಸಬೇಕು."

"ಬೊಬ್ಬೆ ಏಳದ ಹಾಗೆ ಮಾಡೋಕಾಗಲ್ವಾ?" ಒಳಗೆ ಮಂಚದಿಂದ ಗಂಡನ ದನಿ.

"ಯಾಕಾಗಲ್ಲ ಭಾವ? ಬೂಟನ್ನ ಸಂಜೆ ಹೊತ್ತು ಹಾಕಿ ನೋಡಿ ತಗೊಳ್ಳಿ, ಆಗ ಕಾಲು ಸ್ವಲ್ಪ ಊದಿರುತ್ತೆ. ಬೆರಳ ಮುಂದೆ ಒಂದು ಹೆಬ್ಬೆರಳಗಲ ಜಾಗ ಇರಲಿ. ಹೊಸದನ್ನ ಮನೇಲಿ ದಿನಾ ಒಂದೊಂದು ಗಂಟೆ ಹಾಕಿ ಪಳಗಿಸಿ. ಕಾಲುಚೀಲ ಒದ್ದೆಯಾದ್ರೆ ಬದಲಾಯಿಸಿ. ಉಜ್ಜೋ ಜಾಗಕ್ಕೆ ಮೊದಲೇ ಪಟ್ಟಿ ಅಂಟಿಸಿ."

ಹನ್ನೊಂದು ದಿನಕ್ಕೆ ಆತ ಎರಡೂ ಪಾದದ ಮೇಲೆ ಮನೆಗೆ ಬಂದ. ಟೈಲರಕ್ಕ ಗೋದಾಮಿನ ಸಾಹೇಬರ ಮುಂದೆ ನಿಂತು, ಗಲಾಟೆಯನ್ನೇ ಮಾಡಿ, ಸರಿಯಳತೆಯ ಬೂಟು ಕೊಡಿಸಿಕೊಂಡು ಬಂದಳು. ಊರವರ ಅಳತೆಯೆಲ್ಲ ಬರೆದಿಡುವವಳು ಗಂಡನ ಪಾದದ ಅಳತೆ ಕೇಳಿದ್ದು ಅದೇ ಮೊದಲು.

ಅಣ್ಣಂದಿರೆ, ಅಕ್ಕಂದಿರೆ, ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ. ಅಂಗಾಲಿನ ಹುಣ್ಣಿಗೆ ಬೇಕು. ದಿನಾ ಸಂಜೆ ಕಾಲು ತೊಳೆದು, ಬೆರಳ ಸಂದಿ ಒರೆಸಿ, ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ನೋಡಿ. ನೋವಿಲ್ಲ ಎಂದರೆ ಗಾಯವಿಲ್ಲ ಎಂದು ನಂಬಬೇಡಿ. ನಿಮ್ಮ ಮನೆಯಲ್ಲೂ ಸಕ್ಕರೆ ಕಾಯಿಲೆಯವರು ಇದ್ದಾರೆಯೇ? ಹಾಗಾದರೆ ಈ ಕಾಗದ ಕೆಳಗಿಡಿ, ಮೊದಲು ಅವರ ಕಾಲುಚೀಲ ತೆಗೆಸಿ.