ಹದಿನೇಳನೆಯ ಫೈಲು

"ನಿನ್ನ ಪುಸ್ತಕದಲ್ಲಿ ಇಪ್ಪತ್ತೆರಡು ರೋಗಿಗಳು ಅಂತಿದೆ. ಇಲ್ಲಿ ಇಪ್ಪತ್ತಮೂರು ಫೈಲಿದೆಯಲ್ಲಪ್ಪ," ಎಂದಳು ಮಗಳು. ಬೀರುವಿನ ಮುಂದೆ ನೆಲದ ಮೇಲೇ ಕುಳಿತಿದ್ದಳು.

ಡಾಕ್ಟರು ಕನ್ನಡಕ ಒರೆಸಿದರು. ಅದು ಆಗಲೇ ಚೊಕ್ಕವಾಗಿತ್ತು. ಇಂದು ನಿವೃತ್ತಿ, ಸಂಜೆಯೊಳಗೆ ಆಸ್ಪತ್ರೆಯ ಕೋಣೆ ಖಾಲಿಯಾಗಬೇಕು. ಮೂವತ್ತು ವರ್ಷದ ಹಿಂದೆ, ಒಂದು ಬಗೆಯ ಕ್ಯಾನ್ಸರಿಗೆ ಕತ್ತರಿಯೇ ಗತಿ ಎನ್ನುತ್ತಿದ್ದವರ ನಡುವೆ, ಎರಡು ಔಷಧಿಗಳನ್ನು ಒಟ್ಟಿಗೆ ಡ್ರಿಪ್ಪಿನಲ್ಲಿ ಕೊಟ್ಟು ಹೆಸರು ಮಾಡಿದ್ದರು. ಇಪ್ಪತ್ತೆರಡರಲ್ಲಿ ಹದಿನಾಲ್ಕು ಮಂದಿಗೆ ಗಡ್ಡೆ ಕರಗಿತ್ತು. ಅದನ್ನೀಗ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ.

"ಯಾರದದು?" ಗೊತ್ತಿದ್ದೂ ಕೇಳಿದರು.

"ಹದಿನೇಳನೇದು. ಅಮ್ಮಂದು."

ನಿಯಮ ಅವರೇ ಬರೆದದ್ದು. ಔಷಧಿ ಕೊಟ್ಟ ಮೇಲೆ ಎರಡು ವಾರ ಬದುಕದವರನ್ನು ಲೆಕ್ಕಕ್ಕೆ ಹಿಡಿಯಬಾರದು. ಔಷಧಿಗೆ ಕೆಲಸ ಮಾಡಲು ಸಮಯವೇ ಸಿಕ್ಕಿಲ್ಲವಲ್ಲ. ಆ ಎರಡು ವಾರ ತುಂಬುವ ಒಂದು ದಿನ ಮೊದಲು ಹೆಂಡತಿ ತೀರಿಕೊಂಡಳು. ಇನ್ನೊಂದು ದಿನ ತಡೆದಿದ್ದರೆ ಸೋತವರ ಸಾಲಿಗಾದರೂ ಸೇರುತ್ತಿದ್ದಳು.

"ಅಮ್ಮ ಹೋಗಿದ್ದು ರೋಗದಿಂದಾನಾ, ಔಷಧಿಯಿಂದಾನಾ?"

"ಆಗೆಲ್ಲ ಹೇಳೋದು ಕಷ್ಟ ಇತ್ತು."

"ನೀನೇ ಬರೆದಿದೀಯ. ಔಷಧಿಗೆ ಬಿಳಿ ರಕ್ತಕಣ ಪೂರ್ತಿ ಇಳಿದುಹೋಗಿದೆ ಅಂತ."

ಬರೆದದ್ದು ನೆನಪಿತ್ತು. ಬರೆದು, ಕೈ ತೊಳೆದು, ಹದಿನೆಂಟನೆಯ ರೋಗಿಗೆ ಡೋಸು ಕಾಲುಭಾಗ ಇಳಿಸಿದ್ದರು. ಆಮೇಲಿನವರು ಉಳಿದದ್ದು ಅದರಿಂದಲೇ. ಅದನ್ನೆಲ್ಲೂ ಅವರು ಹೇಳಲಿಲ್ಲ. ಹೇಳಿದ್ದರೆ ಹೆಂಡತಿಯನ್ನು ಲೆಕ್ಕಕ್ಕೆ ಸೇರಿಸಬೇಕಾಗುತ್ತಿತ್ತು. ಈಗ ನಾಚಿಕೆಯಾಯಿತು, ಮೂವತ್ತು ವರ್ಷ ತಡವಾಗಿ.

"ಇವತ್ತು ಭಾಷಣದಲ್ಲಿ ಇಪ್ಪತ್ತಮೂರು ಅಂದುಬಿಡಪ್ಪ. ಅಷ್ಟು ಸಾಕು ನಂಗೆ."

"ನೋಡೋಣ."

ಅವರ 'ನೋಡೋಣ'ಕ್ಕೆ ಏನರ್ಥವೆಂದು ರೋಗಿಗಳ ಮನೆಯವರಿಗೆಲ್ಲ ಗೊತ್ತಿತ್ತು. ಮಗಳಿಗೂ ಗೊತ್ತಿತ್ತು. ಆದರೂ ಫೈಲನ್ನು ಕೈಯಲ್ಲಿ ಹಿಡಿದೇ ಸಭಾಂಗಣಕ್ಕೆ ಬಂದಳು.

ಮೈಕಿನ ಮುಂದೆ "ಇಪ್ಪತ್ತ..." ಎಂದು ನಿಂತರು. ನೀರು ಕುಡಿದರು. ಮೊದಲ ಸಾಲಿನಲ್ಲಿ ಮಗಳು ಕತ್ತೆತ್ತಿದ್ದಳು.

"ಇಪ್ಪತ್ತೆರಡು ಮಂದಿ," ಎಂದರು. ಚಪ್ಪಾಳೆ ಬಿತ್ತು.

ಆಮೇಲೆ ಫೋಟೋ. ಇನ್ನೂ ಬದುಕಿದ್ದ ಐದು ಮಂದಿ ಹಳೆಯ ರೋಗಿಗಳು ಡಾಕ್ಟರನ್ನು ನಡುವೆ ಕೂರಿಸಿ ಸುತ್ತ ನಿಂತರು. ಅವರಲ್ಲಿ ಹದಿನೆಂಟನೆಯವಳೂ ಇದ್ದಳು, ಮೊಮ್ಮಗಳನ್ನು ಎತ್ತಿಕೊಂಡು. ಮಗಳು ಬಂದು ತುದಿಯಲ್ಲಿ ನಿಂತಳು.

"ಮೇಡಂ, ನೀವು ಫ್ರೇಮಿಗೆ ಅರ್ಧ ಮಾತ್ರ ಸಿಗ್ತಿದೀರಿ. ಸ್ವಲ್ಪ ಆಚೆ ಹೋಗ್ತೀರಾ?" ಎಂದ ಫೋಟೋದವನು.

ಮಗಳು ಅಪ್ಪನನ್ನು ನೋಡಿದಳು. ಎಲ್ಲರೂ ಒಂಚೂರು ಒತ್ತಿ ನಿಂತರೆ ಜಾಗವಿತ್ತು. ಡಾಕ್ಟರು ಬಾಯಿ ತೆರೆದರು.

"ಹಾಗೇ ಇರಿ ಸಾರ್, ಚೆನ್ನಾಗಿ ಬರ್ತಿದೆ."

ಅವರು ಹಾಗೇ ಇದ್ದರು. ಮಗಳು ಫೈಲನ್ನು ಎದೆಗೊತ್ತಿಕೊಂಡು ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು, ಇನ್ನೊಂದು ಹೆಜ್ಜೆ ಸರಿದಳು.

"ಈಗ ಸರಿಹೋಯ್ತು," ಎಂದ ಫೋಟೋದವನು.