ತಾನಾಗಿ ತುಂಬುವ ಗಾಳಿ

"ಬಡಿದು ನೋಡ್ದೆ, ಎಲ್ಲಾ ಟೈರೂ ಗಟ್ಟಿ ಇವೆ ರೀ," ಎನ್ನುತ್ತಾ ಡ್ರೈವರನ ಹೆಂಡತಿ ಮರದ ಕೊಡತಿಯನ್ನು ಹೆಗಲಿಗೊರಗಿಸಿಕೊಂಡು ಟ್ರೇಲರಿನ ಹಿಂದಿನಿಂದ ಬಂದಳು. "ಆದ್ರೂ ಆ ದೀಪ ಆರ್ತಾ ಇಲ್ಲ."

ಡ್ರೈವರ್ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿದ. ಟ್ರೇಲರಿನ ಮುಂದಿನ ಮೂಲೆಯಲ್ಲಿ ಹೊಸದಾಗಿ ಕೂರಿಸಿದ್ದ ಹಳದಿ ದೀಪ ಹಾಡಹಗಲಲ್ಲೇ ಉರಿಯುತ್ತಿತ್ತು. "ಅದಕ್ಕೇನು ಗೊತ್ತಾಗುತ್ತೆ ಮಣ್ಣು! ನಿನ್ನ ಕಿವಿಗಿಂತ ದೊಡ್ಡದಾ ಅದು? ಹತ್ತು, ಇಳಿಜಾರು ಇಳಿದುಬಿಡೋಣ," ಎಂದ.

ಅವನ ಸಿಟ್ಟಿಗೆ ಕಾರಣವಿತ್ತು. ಹೋದ ತಿಂಗಳು ಲಾರಿ ಕಂಪನಿಯ ಯಜಮಾನಿ ಈ ಒಂದು ಟ್ರೇಲರಿಗೆ ಮಾತ್ರ ಹೊಸ ಸಾಮಾನು ಹಾಕಿಸಿದ್ದಳು. ಬ್ರೇಕಿನ ಗಾಳಿಯೇ ಚಕ್ರದ ಅಚ್ಚಿನೊಳಗಿನ ಕೊಳವೆಗಳಲ್ಲಿ ಹರಿದು, ಯಾವ ಟೈರು ಇಳಿದರೂ ಗಾಡಿ ಓಡುತ್ತಿರುವಾಗಲೇ ತುಂಬಿಕೊಡುತ್ತದೆ. ತುಂಬುತ್ತಿರುವಷ್ಟು ಹೊತ್ತು ದೀಪ ಹತ್ತಿರುತ್ತದೆ. "ಓಡಿಸಿ ನೋಡಿ ಡ್ರೈವರಣ್ಣ. ನೀವು ಹೂಂ ಅಂದ್ರೆ ಎಲ್ಲಾ ಟ್ರೇಲರಿಗೂ ಹಾಕಿಸ್ತೀನಿ, ಬೇಡ ಅಂದ್ರೆ ಕಿತ್ತು ಹಾಕೋಣ," ಎಂದಿದ್ದಳು. ಅದರ ಜೊತೆಗೇ, ಈ ಸಾಮಾನು ಇರುವ ಗಾಡಿಗಳಿಗೆ ಇನ್ನು ಸಹಾಯಕರು ಬೇಕಾಗುವುದಿಲ್ಲ, ಒಬ್ಬರೇ ಹೋಗಿಬರಬಹುದು ಎಂದೂ ಹೇಳಿದ್ದಳು.

ಬೇರೆಯವರಿಗೆ ಅದು ಬರೀ ಗಾಳಿಯ ಮಾತು. ಇವರಿಬ್ಬರಿಗೆ ಸಂಸಾರದ ಮಾತು. ಡ್ರೈವರನ ಜೊತೆ ಟೈರು ನೋಡುವ ಒಬ್ಬರನ್ನು ಬಿಟ್ಟು ಬೇರೆ ನರಪಿಳ್ಳೆಯೂ ಕ್ಯಾಬಿನ್ ಹತ್ತಬಾರದೆಂಬುದು ಆ ಕಂಪನಿಯ ಹಳೆಯ ಕಟ್ಟುಪಾಡು. ಇವರ ಮದುವೆಯಾದ ಹೊಸತರಲ್ಲಿ ಕ್ಲೀನರ್ ಹೇಳದೆ ಕೇಳದೆ ಕೈಕೊಟ್ಟಾಗ, "ನಾನೇ ಬರ್ತೀನಿ, ಏನೀಗ?" ಎಂದು ಅವಳು ಕೊಡತಿ ಎತ್ತಿಕೊಂಡಿದ್ದಳು. ಆಗಿನ ಯಜಮಾನರು, ಈಗಿನವಳ ಅಪ್ಪ, ಹೊಟ್ಟೆ ಹಿಡಿದುಕೊಂಡು ನಕ್ಕು, "ಬಡಿಯೋ ಕೈ ಯಾರದಾದ್ರೇನು, ಟೈರು ಉಳಿದ್ರೆ ಸಾಕು," ಎಂದು ಒಪ್ಪಿಕೊಂಡಿದ್ದರು.

ಎಂಥ ದಿನಗಳವು! ಗಾಡಿ ನಿಂತಲ್ಲೆಲ್ಲ ಅವನು ಪಕ್ಕದ ಪೆಟ್ಟಿಗೆಯಿಂದ ಸ್ಟೌ ತೆಗೆದು ಚಹಾಕ್ಕಿಡುತ್ತಿದ್ದ. ಅವಳು ಸುತ್ತು ಬಂದು ಒಂದೊಂದೇ ಟೈರಿಗೆ ಬಡಿಯುತ್ತಿದ್ದಳು. ಗಾಳಿ ತುಂಬಿದ್ದು ಕೊಡತಿಯನ್ನು ಪುಟಿಸಿ ವಾಪಸು ಕಳಿಸುತ್ತಿತ್ತು. ಇಳಿದದ್ದು ಬೊದ್ದೆಂದು ನುಂಗಿಕೊಳ್ಳುತ್ತಿತ್ತು. ಮನೆಯಲ್ಲಿ ಗೋಡೆ ನೋಡುತ್ತಾ ಕೂರುವ ಗಂಡಸು ಸ್ಟೇರಿಂಗ್ ಹಿಡಿದರೆ ಸಾಕು, ಹರಟೆಮಲ್ಲ. ಮಗಳಿಗೆ ಹೆಸರು ಹುಡುಕಿದ್ದು, ಅತ್ತೆಯ ಮೇಲಿನ ಮುನಿಸು ಮರೆತದ್ದು, ಅಳಿಯನನ್ನು ಒಪ್ಪಿದ್ದು, ಎಲ್ಲವೂ ಆ ಕ್ಯಾಬಿನ್ನಿನಲ್ಲೇ.

ಮಗಳು ಶಾಲೆಗೆ ಹೋಗುತ್ತಿದ್ದ ವರ್ಷಗಳಲ್ಲಿ ಮಾತ್ರ ಅವಳು ಮನೆಯಲ್ಲುಳಿದಿದ್ದಳು. ಆಗಲೇ ಒಮ್ಮೆ ಜೋಡಿ ಚಕ್ರದ ಒಳಗಿನ ಟೈರು ಸಿಡಿದು ಟ್ರೇಲರ್ ಮಗುಚಿತ್ತು. ಜೊತೆಗಿದ್ದವನು ಸೋಮಾರಿ, ಹೊರಗಿನ ಟೈರುಗಳನ್ನಷ್ಟೇ ಬಡಿದಿದ್ದ. ಆಸ್ಪತ್ರೆಯ ಮಂಚದ ಮೇಲೆ ಕಾಲು ಮೇಲಕ್ಕೆ ಕಟ್ಟಿಸಿಕೊಂಡು ಮಲಗಿದ್ದ ಗಂಡನನ್ನು ನೋಡಿ, ನಾನಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದುಕೊಂಡಳು. ಆ ನಂಬಿಕೆ ಅವಳ ಎದೆಯಲ್ಲಿ ಬೇರುಬಿಟ್ಟಿತು. ಮಗಳ ಮದುವೆ ಮುಗಿದದ್ದೇ ತಡ, ಮತ್ತೆ ಕ್ಯಾಬಿನ್ ಹತ್ತಿದ್ದಳು.

ಈಗ ಇಳಿಜಾರಿನುದ್ದಕ್ಕೂ ಅವಳು ಕನ್ನಡಿಯಲ್ಲಿ ಆ ದೀಪವನ್ನೇ ನೋಡುತ್ತಾ ಕೂತಳು. ಅವನು ಏನೋ ತಮಾಷೆ ಮಾಡಿದ, ಅವಳು ನಗಲಿಲ್ಲ. ಕೆಳಗೆ ಪಂಕ್ಚರ್ ಅಂಗಡಿ ಕಂಡದ್ದೇ, "ನಿಲ್ಸಿ," ಎಂದಳು.

"ನಿನ್ನ ಕಿವಿ ಮೇಲೆ ನಿಂಗೇ ನಂಬಿಕೆ ಇಲ್ವೇನೇ?"

"ನಿಲ್ಸಿ ಅಂದೆ."

ಪಂಕ್ಚರ್‌ನವನು ಹೊರಗಿನ ಚಕ್ರ ಬಿಚ್ಚಿ, ಒಳಗಿನದಕ್ಕೆ ಸೋಪಿನ ನೀರು ಬಳಿದ. ನೊರೆ ಬುಸುಬುಸು ಎದ್ದಿತು. ಟೈರು ಕಳಚಿ ನೋಡಿದರೆ ಬೆರಳು ದಪ್ಪದ ಬೋಲ್ಟು, ತಲೆಯವರೆಗೂ ಇಳಿದಿತ್ತು. "ಅಕ್ಕಾ, ಒಂದು ಕಡೆ ಸೋರ್ತಾ ಇದೆ, ಇನ್ನೊಂದು ಕಡೆ ತುಂಬ್ತಾ ಇದೆ. ಬಡಿದ್ರೆ ಎಲ್ಲಿ ಗೊತ್ತಾಗುತ್ತೆ? ಆ ಗಾಳಿ ಬರದೇ ಇದ್ದಿದ್ರೆ ಅರ್ಧ ಇಳಿಜಾರಲ್ಲೇ ಕಥೆ ಮುಗೀತಿತ್ತು," ಎಂದ.

"ಅದೇ ನಾನೂ ಹೇಳೋದು!" ಡ್ರೈವರ್ ಎಗರಿದ. "ಅದು ತುಂಬದೇ ಇದ್ದಿದ್ರೆ ಟೈರು ಮೇಲೇನೇ ಇಳಿದಿರೋದು, ಇವಳು ಅಲ್ಲೇ ಹಿಡಿಯೋಳು."

"ಹಿಡೀತಿದ್ನೋ ಇಲ್ವೋ," ಎಂದಳು ಅವಳು. "ನಾನು ಬಡಿಯೋದು ಗಾಡಿ ನಿಂತಾಗ. ಓಡೋವಾಗ ಹೋದ್ರೆ?"

ಅವನು ದುಡ್ಡು ಕೊಟ್ಟು ಗಾಡಿ ಹತ್ತಿದ. ಊರು ಸೇರುವವರೆಗೂ ಎಲ್ಲೂ ನಿಲ್ಲಿಸಲಿಲ್ಲ.

ಕಂಪನಿಯ ಆಫೀಸಿನಲ್ಲಿ ಯಜಮಾನಿ ಇಬ್ಬರಿಗೂ ಚಹಾ ತರಿಸಿ, "ಹೇಳಿ ಡ್ರೈವರಣ್ಣ, ಹಾಕಿಸೋದಾ, ಬಿಡೋದಾ?" ಎಂದಳು.

ಅವನು ಚಪ್ಪಲಿಯ ತುದಿ ನೋಡುತ್ತಾ ಹೇಳಿದ: "ಬಿಡಿ ಮೇಡಂ. ಕಲ್ಲು ತಾಗಿದ್ರೆ ಕೊಳವೆ ಹರಿಯುತ್ತೆ. ದೀಪ ಸುಮ್‌ಸುಮ್ನೆ ಹತ್ತುತ್ತೆ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ ಅಂತಾರಲ್ಲ, ಹಾಗೆ. ಇಷ್ಟು ವರ್ಷ ಓಡಿಸಿಲ್ವಾ ನಾವು?"

ಯಜಮಾನಿ ತಲೆಯಾಡಿಸಿದಳು. ಅವನ ಮಾತನ್ನು ಅವಳು ಯಾವತ್ತೂ ಮೀರಿದವಳಲ್ಲ. "ಸರಿ, ಹಾಗಾದ್ರೆ ಕಿತ್ತು ಹಾಕಿಸ್ತೀನಿ."

"ಸುಳ್ಳು," ಎಂದು ಹೆಂಡತಿ ಚಹಾದ ಲೋಟ ಕೆಳಗಿಟ್ಟಳು. "ಇವತ್ತು ನಾವು ಇಲ್ಲಿಗೆ ಬಂದಿರೋದೇ ಅದರಿಂದ ಮೇಡಂ. ನಾನು ಗಟ್ಟಿ ಅಂದ ಟೈರಲ್ಲಿ ಬೋಲ್ಟಿತ್ತು. ಕೊಳವೆ ಹರಿದ್ರೆ ಹೊಸದು ಹಾಕ್ಬಹುದು. ಎಲ್ಲಾ ಗಾಡಿಗೂ ಹಾಕ್ಸಿ."

ಯಜಮಾನಿ ಒಮ್ಮೆ ಅವನ ಕಡೆ, ಒಮ್ಮೆ ಅವಳ ಕಡೆ ನೋಡಿದಳು. "ಅಕ್ಕಾ, ಹಾಗಾದ್ರೆ ನೀವು..."

"ಗೊತ್ತು ಮೇಡಂ."

ಅಂಗಳಕ್ಕೆ ಬಂದದ್ದೇ ಅವನು ಉರಿದುಬಿದ್ದ. "ಕೂತ ಕೊಂಬೆನೇ ಕಡಿದ್ಯಲ್ಲೇ! ಬಾಯಿ ಮುಚ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಕೊಂಬೆ ಹೋದ್ರೆ ಹೋಗ್ಲಿ. ಮರ ಇರ್ಲಿ ನಂಗೆ."

ಅವನ ಸಿಟ್ಟು ಇಳಿದುಹೋಯಿತು. ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತು, "ಅಷ್ಟು ದೂರ ನಾನು ಯಾರ ಜೊತೆ ಮಾತಾಡ್ಕೊಂಡು ಹೋಗ್ಲಿ?" ಎಂದ. ಅವಳಿಗೆ ಅಳು ಬಂತು. ಅವನಿಗೆ ಕಾಣದಂತೆ ಕ್ಯಾಬಿನ್ ಹತ್ತಿ ತನ್ನ ದಿಂಬು, ಬಾಚಣಿಗೆ, ಹೊದಿಕೆಗಳನ್ನು ಚೀಲಕ್ಕೆ ತುಂಬತೊಡಗಿದಳು.

ಮರುದಿನ ಬೆಳಿಗ್ಗೆ ಅವನು ಲೋಡಿಗೆ ಹೋದ ಮೇಲೆ ಅವಳು ಮನೆ ಗುಡಿಸಿದಳು, ಬಟ್ಟೆ ಒಗೆದಳು, ಮಗಳಿಗೆ ಫೋನು ಮಾಡಿ ಏನೂ ಆಗಿಲ್ಲವೆಂಬಂತೆ ಮಾತಾಡಿದಳು. ಮಧ್ಯಾಹ್ನ ಒಬ್ಬಳೇ ಊಟಕ್ಕೆ ಕೂತು ಲೋಟಕ್ಕೆ ಅರ್ಧದವರೆಗೆ ನೀರು ಹಾಕಿ ಕೈ ನಿಲ್ಲಿಸಿದಳು. ಕ್ಯಾಬಿನ್ನಿನಲ್ಲಿ ಅದಕ್ಕಿಂತ ಹೆಚ್ಚು ಹಾಕಿದರೆ ರಸ್ತೆಯ ಮೊದಲ ಗುಂಡಿಗೇ ಮಡಿಲ ಮೇಲೆ ಚೆಲ್ಲುತ್ತಿತ್ತು. ಮೇಜಿನ ಮೇಲೆ ನೀರು ಅಲುಗದೆ ನಿಂತಿತ್ತು. ಅದನ್ನೇ ಸ್ವಲ್ಪ ಹೊತ್ತು ನೋಡಿ, ಆಮೇಲೆ ಚೊಂಬನ್ನು ಮತ್ತೆ ಎತ್ತಿ ಲೋಟವನ್ನು ಕಂಠದವರೆಗೂ ತುಂಬಿದಳು.